ಕರೆಂಟು ಹೋದರೂ ಕರೆಯುವ ಹೊತ್ತು ತಪ್ಪದಿರಲಿ
ಮನೆಗೂ ಕೊಟ್ಟಿಗೆಗೂ ಬ್ಯಾಟರಿ ಇರುವ ಹೈಬ್ರಿಡ್ ಸೋಲಾರ್ ಆರಿಸುವುದು ಹೇಗೆ?



ಸಂಜೆ ಆರು ಗಂಟೆ. ಕೆಚ್ಚಲು ತೊಳೆದು, ಒರೆಸಿ, ಮೊದಲ ನಾಲ್ಕು ಧಾರೆ ಬೇರೆ ಪಾತ್ರೆಗೆ ಹಿಂಡಿ, ಹಾಲು ಕರೆಯುವ ಯಂತ್ರದ ಕಪ್ಪುಗಳನ್ನು ಹಾಕಿದ್ದೀರಿ. ಹಸು ಹಾಲು ಇಳಿಸಿದೆ. ಎರಡನೇ ನಿಮಿಷಕ್ಕೆ ಕರೆಂಟು ಹೋಯಿತು. ಕಪ್ಪುಗಳು ಒಂದೊಂದಾಗಿ ಜಾರಿ ನೆಲಕ್ಕೆ ಬಿದ್ದವು. ಕತ್ತಲೆಯಲ್ಲಿ ಟಾರ್ಚ್ ಹುಡುಕಿ, ಕಪ್ಪು ತೊಳೆದು, ಕೈಯಲ್ಲಿ ಹಿಂಡಲು ಕೂತರೆ ಹಸು ಹಾಲು ಬಿಡುವುದಿಲ್ಲ.

ಇದಕ್ಕೆ ಕಾರಣ ನಿಮಗೆ ಗೊತ್ತೇ ಇದೆ. ಕೆಚ್ಚಲು ಮುಟ್ಟಿ ಒರೆಸಿದ ಮೇಲೆ ಹಸು ಹಾಲು ಇಳಿಸುವುದು ಐದಾರು ನಿಮಿಷ ಮಾತ್ರ. ಆ ಹೊತ್ತು ಕಳೆದರೆ ಉಳಿದ ಹಾಲು ಕೆಚ್ಚಲಿನಲ್ಲೇ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಕೆಚ್ಚಲು ಬಾವಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಇತ್ತ ಸಂಘದಲ್ಲಿ ಹಾಲು ಅಳೆಯುವ ಹೊತ್ತೂ ಮೀರುತ್ತದೆ. ಕರೆಂಟು ಒಂದು ಗಂಟೆ ಹೋದರೆ ಮನೆಯವರಿಗೆ ಟಿ.ವಿ. ನಿಂತೀತು. ಹಸು ಕಟ್ಟಿದವರಿಗೆ ಒಂದು ಹೊತ್ತಿನ ದುಡಿಮೆಯೇ ಹಾಳು.

ಇದನ್ನು ಕಂಡು ಅನೇಕ ಸದಸ್ಯೆಯರು ಸೋಲಾರ್ ವಿಚಾರಿಸುತ್ತಿದ್ದಾರೆ. ಊರಿಗೆ ಬರುವ ಏಜೆಂಟರೂ ಕಡಿಮೆಯಿಲ್ಲ. ಒಬ್ಬರು 3 ಕಿಲೋವ್ಯಾಟ್ ಎನ್ನುತ್ತಾರೆ, ಇನ್ನೊಬ್ಬರು 5 ಎನ್ನುತ್ತಾರೆ, ಮತ್ತೊಬ್ಬರು ಬಿಲ್ಲೇ ಬರುವುದಿಲ್ಲ ಎನ್ನುತ್ತಾರೆ. ದುಡ್ಡು ಕೊಡುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ನಾವು ಹಾಲು ಕರೆಯುವುದು ಸೂರ್ಯ ಹುಟ್ಟುವ ಮೊದಲು, ಸೂರ್ಯ ಮುಳುಗುವ ಹೊತ್ತಿಗೆ. ಎರಡು ಹೊತ್ತಿನಲ್ಲೂ ಪ್ಯಾನೆಲ್ಲಿಗೆ ಬಿಸಿಲಿಲ್ಲ. ಆದ್ದರಿಂದ ಹೈನುಗಾರಿಕೆ ಮನೆಯಲ್ಲಿ ಮೊದಲು ಲೆಕ್ಕ ಹಾಕಬೇಕಾದ್ದು ಬ್ಯಾಟರಿಯನ್ನು. ಪ್ಯಾನೆಲ್ಲಿನ ಲೆಕ್ಕ ಆಮೇಲೆ.

ಸೋಲಾರ್‌ನಲ್ಲಿ ಮೂರು ಬಗೆ

ಮೊದಲನೆಯದು ಆನ್-ಗ್ರಿಡ್. ಇದರಲ್ಲಿ ಬ್ಯಾಟರಿ ಇಲ್ಲ. ಹಗಲು ತಯಾರಾದ ವಿದ್ಯುತ್ತನ್ನು ಮನೆ ಬಳಸುತ್ತದೆ, ಮಿಕ್ಕದ್ದು ಎಸ್ಕಾಂ ಲೈನಿಗೆ ಹೋಗುತ್ತದೆ. ಖರ್ಚು ಕಡಿಮೆ. ಆದರೆ ಲೈನಿನಲ್ಲಿ ಕರೆಂಟು ಹೋದ ಕ್ಷಣವೇ ಇದೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನದ ಬಿಸಿಲಿದ್ದರೂ ಸರಿಯೇ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಕರೆಂಟು ಹರಿದು ಅಪಾಯವಾಗಬಾರದೆಂದು ಹಾಗೆ ಮಾಡಿರುತ್ತಾರೆ. ಸೋಲಾರ್ ಹಾಕಿಸಿದರೂ ಕತ್ತಲೆಯಲ್ಲೇ ಇದ್ದೇವೆ ಎಂದು ಹೇಳುವವರು ಬಹುಪಾಲು ಹಾಕಿಸಿಕೊಂಡಿರುವುದು ಇದನ್ನೇ.

ಎರಡನೆಯದು ಆಫ್-ಗ್ರಿಡ್. ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್ ಇರುತ್ತವೆ, ಎಸ್ಕಾಂ ಲೈನಿಗೆ ವಿದ್ಯುತ್ ಕೊಡುವುದಿಲ್ಲ. ಲೈನೇ ಇಲ್ಲದ ತೋಟದ ಮನೆಗೆ ಇದು ಸರಿ. ಬ್ಯಾಟರಿ ತುಂಬಿದ ಮೇಲೆ ಬರುವ ಬಿಸಿಲು ಮಾತ್ರ ವ್ಯರ್ಥ.

ಮೂರನೆಯದು ಹೈಬ್ರಿಡ್. ಇದು ನಮ್ಮ ಮನೆಯ ಹಾಲಿನ ವ್ಯವಹಾರದ ಹಾಗೆಯೇ. ಕರೆದ ಹಾಲಿನಲ್ಲಿ ಮೊದಲು ಮನೆಯ ಕಾಫಿಗೆ, ಮಕ್ಕಳಿಗೆ. ಆಮೇಲೆ ಮೊಸರಿಗೆ ಒಂದು ಪಾತ್ರೆ. ಉಳಿದದ್ದು ಡೇರಿಗೆ. ಹೈಬ್ರಿಡ್ ಇನ್ವರ್ಟರ್ ಕೂಡ ಬಿಸಿಲಿನ ವಿದ್ಯುತ್ತನ್ನು ಮೊದಲು ಮನೆಗೆ ಕೊಡುತ್ತದೆ, ಆಮೇಲೆ ಬ್ಯಾಟರಿ ತುಂಬುತ್ತದೆ, ಉಳಿದದ್ದನ್ನು ಲೈನಿಗೆ ಬಿಡುತ್ತದೆ. ಕರೆಂಟು ಹೋದಾಗ ಲೈನಿನಿಂದ ತಾನೇ ಬೇರೆಯಾಗಿ ಬ್ಯಾಟರಿಯಿಂದ ನಡೆಸುತ್ತದೆ. ಮಳೆಗಾಲದಲ್ಲಿ ಬಿಸಿಲು ಸಾಲದಿದ್ದರೆ ಲೈನಿನಿಂದಲೂ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಅನುಕೂಲ ಹೆಚ್ಚು, ಬೆಲೆಯೂ ಹೆಚ್ಚು.

ಮೊದಲು ನಿಮ್ಮ ಬಿಲ್ಲು ತೆಗೆದು ನೋಡಿ

ಸೋಲಾರ್ ಹಾಕಿಸಿದರೆ ಬಿಲ್ಲಿನ ದುಡ್ಡು ಉಳಿಯುತ್ತದೆ ಎನ್ನುವುದು ಮಾರುವವರ ಮೊದಲ ಮಾತು. ನಮ್ಮ ರಾಜ್ಯದಲ್ಲಿ ಆ ಮಾತನ್ನು ಹಾಗೇ ನಂಬಬೇಡಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅನೇಕ ಮನೆಗಳಿಗೆ ಶೂನ್ಯ ಬಿಲ್ಲು ಬರುತ್ತಿದೆ. ಯೋಜನೆ ಬರುವ ಹಿಂದಿನ ವರ್ಷದ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ನಿಮ್ಮ ಮನೆಯ ಮಿತಿ ಗೊತ್ತುಮಾಡಿರುತ್ತಾರೆ. ಆ ಮಿತಿ ದಾಟಿ 200 ಯೂನಿಟ್ಟಿನೊಳಗೆ ಇದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು.

ಶೂನ್ಯ ಬಿಲ್ಲು ಬರುತ್ತಿರುವ ಮನೆಯಲ್ಲಿ ಸೋಲಾರ್‌ನಿಂದ ಉಳಿಸಲು ಬಿಲ್ಲಿನ ದುಡ್ಡೇ ಇಲ್ಲ. ಆ ಮನೆಯವರು ಕೊಳ್ಳುತ್ತಿರುವುದು ಕರೆಂಟು ಹೋದ ಹೊತ್ತಿನ ನೆಮ್ಮದಿಯನ್ನು. ಆ ನೆಮ್ಮದಿಗೆ ಬೆಲೆ ಇಲ್ಲವೆಂದಲ್ಲ. ಆದರೆ ಬಿಲ್ಲು ಉಳಿಸಿ ಸಾಲ ತೀರಿಸುತ್ತೇವೆ ಎಂದುಕೊಂಡು ಸಹಿ ಹಾಕಬೇಡಿ.

ಮೇವು ಕತ್ತರಿಸುವ ಯಂತ್ರ, ನೀರಿನ ಮೋಟಾರು, ಫ್ರಿಜ್ಜು, ಗೀಸರ್ ಎಲ್ಲ ಸೇರಿ ಪ್ರತಿ ತಿಂಗಳೂ 200 ಯೂನಿಟ್ ದಾಟುತ್ತಿದ್ದರೆ ಲೆಕ್ಕ ಬೇರೆ. 2 ಎಚ್.ಪಿ. ಯಂತ್ರ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ ಸುಮಾರು 50ರಿಂದ 60 ಯೂನಿಟ್ ಎಳೆಯುತ್ತದೆ. ಇಂಥ ಮನೆಗೆ ಪ್ಯಾನೆಲ್ಲಿನಿಂದ ಬಿಲ್ಲೂ ಇಳಿಯುತ್ತದೆ. ಸೋಲಾರ್ ಅರ್ಜಿ ಹಾಕುವ ಮೊದಲು ಎಸ್ಕಾಂ ಶಾಖಾ ಕಚೇರಿಗೆ ಹೋಗಿ, ಮೀಟರು ಬದಲಾದ ಮೇಲೆ ನಿಮ್ಮ ಗೃಹಜ್ಯೋತಿ ಲೆಕ್ಕ ಹೇಗೆ ನಡೆಯುತ್ತದೆಂದು ಕೇಳಿ ಬರೆಸಿಕೊಳ್ಳಿ.

ಕಿಲೋವ್ಯಾಟ್ ಎಂದರೆ ನಲ್ಲಿ, ಯೂನಿಟ್ ಎಂದರೆ ಕೊಡ

ಏಜೆಂಟರ ಮಾತಿನಲ್ಲಿ ಈ ಎರಡು ಪದ ಕಲಸಿಹೋಗುತ್ತವೆ. ನೀರಿಗೆ ಹೋಲಿಸಿ ನೋಡಿ. ನಲ್ಲಿ ಎಷ್ಟು ದಪ್ಪ, ಒಂದೇ ಸಲಕ್ಕೆ ಎಷ್ಟು ನೀರು ಬರುತ್ತದೆ ಎಂಬುದು ಕಿಲೋವ್ಯಾಟ್. ಒಟ್ಟು ಎಷ್ಟು ಕೊಡ ತುಂಬಿತು ಎಂಬುದು ಯೂನಿಟ್. ಇನ್ವರ್ಟರನ್ನು ಕಿಲೋವ್ಯಾಟ್ ನೋಡಿ ಕೊಳ್ಳಬೇಕು, ಬ್ಯಾಟರಿಯನ್ನು ಯೂನಿಟ್ ನೋಡಿ ಕೊಳ್ಳಬೇಕು.

ಈಗ ಒಂದು ಮನೆಯ ಲೆಕ್ಕ ಹಿಡಿಯೋಣ. ನಾಲ್ಕು ಹಸು ಕರೆಯುವ ಮನೆ. 1 ಎಚ್.ಪಿ. ಮೋಟಾರಿನ, ಒಂದು ಬಕೆಟ್ಟಿನ ಕರೆಯುವ ಯಂತ್ರ. ಸಂಜೆ ಹೋದ ಕರೆಂಟು ಮರುದಿನ ಬೆಳಿಗ್ಗೆ ಕರೆಯುವವರೆಗೂ ಬರಲಿಲ್ಲ ಎಂದಿಟ್ಟುಕೊಳ್ಳಿ.

- ಕರೆಯುವ ಯಂತ್ರ: ಓಡುವಾಗ ಸುಮಾರು 1 ಕಿಲೋವ್ಯಾಟ್. ಹೊತ್ತಿಗೆ 40 ನಿಮಿಷದಂತೆ ಎರಡು ಹೊತ್ತಿಗೆ ಸುಮಾರು 1.3 ಯೂನಿಟ್.
- ಮನೆಗೆ ನಾಲ್ಕು, ಕೊಟ್ಟಿಗೆಗೆ ಎರಡು, 9 ವ್ಯಾಟಿನ ಎಲ್‌ಇಡಿ ಬಲ್ಬು, 5 ಗಂಟೆ: 0.27 ಯೂನಿಟ್.
- ಎರಡು ಹಳೆಯ ಫ್ಯಾನು, ತಲಾ 75 ವ್ಯಾಟ್, 8 ಗಂಟೆ: 1.2 ಯೂನಿಟ್.
- ಟಿ.ವಿ., ಮೊಬೈಲ್ ಚಾರ್ಜು: 0.2 ಯೂನಿಟ್.

ಒಟ್ಟು ಸುಮಾರು 3 ಯೂನಿಟ್. ಇನ್ವರ್ಟರಿನಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಅದನ್ನೂ ಸೇರಿಸಿ ಮೂರೂವರೆ ಯೂನಿಟ್ ಕೊಡಬಲ್ಲ ಬ್ಯಾಟರಿ ಇದ್ದರೆ ಈ ಮನೆಯ ರಾತ್ರಿ ಸುಗಮ. ಹಳೆಯ ಫ್ಯಾನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಫ್ಯಾನಿನ ಲೆಕ್ಕವೇ 1.2ರಿಂದ ಅರ್ಧ ಯೂನಿಟ್ಟಿಗೆ ಇಳಿಯುತ್ತದೆ. ದೊಡ್ಡ ಬ್ಯಾಟರಿಗೆ ಸುರಿಯುವ ದುಡ್ಡಿಗಿಂತ ಎರಡು ಒಳ್ಳೆಯ ಫ್ಯಾನು ಅಗ್ಗ.

ಈ ಪಟ್ಟಿಯಲ್ಲಿ ಮೇವು ಕತ್ತರಿಸುವ ಯಂತ್ರ, ನೀರಿನ ಮೋಟಾರು ಇಲ್ಲ. ಬೇಕೆಂದೇ ಬಿಟ್ಟದ್ದು. ಮೇವನ್ನು ಹಗಲೇ ಕತ್ತರಿಸಿ ರಾಶಿ ಹಾಕಬಹುದು, ನೀರನ್ನು ಹಗಲೇ ತೊಟ್ಟಿಗೆ ತುಂಬಬಹುದು. ಕಾಯಬಲ್ಲ ಕೆಲಸಕ್ಕೆ ಬ್ಯಾಟರಿ ಬೇಡ. ಹಸುವಿನ ಕೆಚ್ಚಲು ಕಾಯುವುದಿಲ್ಲ, ಅದಕ್ಕೆ ಮಾತ್ರ ಬ್ಯಾಟರಿ.

ಬ್ಯಾಟರಿ: ಮೇಲೆ ಬರೆದದ್ದು ಬೇರೆ, ಕೈಗೆ ಸಿಗುವುದು ಬೇರೆ

ನಮ್ಮ ಕಡೆ ಸಿಗುವುದು ಮುಖ್ಯವಾಗಿ ಎರಡು ಬಗೆ. ಟ್ಯೂಬುಲಾರ್ ಲೆಡ್ ಆಸಿಡ್ ಬ್ಯಾಟರಿ, ಅಂದರೆ ಮನೆ ಇನ್ವರ್ಟರಿಗೆ ಹಾಕುವ ನೀರು ತುಂಬುವ ಬ್ಯಾಟರಿ. ಇನ್ನೊಂದು ಲಿಥಿಯಂ. ಲಿಥಿಯಂನಲ್ಲಿ ಎಲ್‌ಎಫ್‌ಪಿ ಎಂಬ ಬಗೆಯನ್ನೇ ಕೇಳಿ. ಮನೆ ಬಳಕೆಗೆ ಅದು ಹೆಚ್ಚು ಸುರಕ್ಷಿತ.

ವೋಲ್ಟನ್ನು ಆಂಪಿಯರ್-ಅವರ್‌ನಿಂದ (ಎಎಚ್) ಗುಣಿಸಿ 1,000ದಿಂದ ಭಾಗಿಸಿದರೆ ಬ್ಯಾಟರಿಯ ಯೂನಿಟ್ ಸಿಗುತ್ತದೆ. 12 ವೋಲ್ಟಿನ 150 ಎಎಚ್ ಬ್ಯಾಟರಿ ಎಂದರೆ 1.8 ಯೂನಿಟ್. ಅಂಥ ನಾಲ್ಕು ಬ್ಯಾಟರಿ ಸೇರಿಸಿದರೆ 7.2 ಯೂನಿಟ್. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಲೆಕ್ಕಕ್ಕೆ ಸಿಗುವುದು 3.6 ಯೂನಿಟ್.

51.2 ವೋಲ್ಟಿನ 100 ಎಎಚ್ ಲಿಥಿಯಂ ಬ್ಯಾಟರಿಯ ಮೇಲೆ 5.12 ಯೂನಿಟ್ ಎಂದಿರುತ್ತದೆ. ಇದರಲ್ಲಿ ಶೇಕಡ 80ರಷ್ಟನ್ನು ಧೈರ್ಯವಾಗಿ ಬಳಸಬಹುದು. ಅಂದರೆ 4 ಯೂನಿಟ್. ಚಿಕ್ಕ ಸಂಖ್ಯೆಯ ಬ್ಯಾಟರಿಯೇ ಹೆಚ್ಚು ಕೊಟ್ಟಿತು, ನೋಡಿ. ಆದ್ದರಿಂದ ಎಷ್ಟು ಎಎಚ್ ಎಂದು ಕೇಳಿ ಸುಮ್ಮನಾಗದೆ, ಬಳಸಲು ಎಷ್ಟು ಯೂನಿಟ್ ಸಿಗುತ್ತದೆ ಎಂದೇ ಕೇಳಿ.

ಲೆಡ್ ಆಸಿಡ್ ಬ್ಯಾಟರಿ ಕೊಳ್ಳುವಾಗ ಅಗ್ಗ. ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ಬದಲಿಸಬೇಕು, ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕು. ಲಿಥಿಯಂ ದುಬಾರಿ, ಆದರೆ ಹೆಚ್ಚು ವರ್ಷ ಬಾಳುತ್ತದೆ, ನೀರಿನ ಗೊಡವೆ ಇಲ್ಲ, ಬೇಗ ಚಾರ್ಜ್ ಆಗುತ್ತದೆ. ಹತ್ತು ವರ್ಷದ ಖರ್ಚು ಕೂಡಿಸಿ ಎರಡನ್ನೂ ಹೋಲಿಸಿ. ಲೆಡ್ ಆಸಿಡ್ ಆದರೆ ಎರಡು ಸಲದ ಬೆಲೆ ಹಾಕಬೇಕು ಎನ್ನುವುದು ನೆನಪಿರಲಿ.

ಇನ್ವರ್ಟರ್: ಮೋಟಾರು ಹೊರಡುವ ಕ್ಷಣವೇ ಪರೀಕ್ಷೆ

ಬಂಡಿ ಎಳೆಯುವ ಎತ್ತಿಗೆ ಹೊರಡುವಾಗಲೇ ಹೆಚ್ಚು ಬಲ ಬೇಕು. ಮೋಟಾರೂ ಹಾಗೆಯೇ. ಓಡುವಾಗ 1 ಕಿಲೋವ್ಯಾಟ್ ಎಳೆಯುವ ಮೋಟಾರು ಹೊರಡುವ ಕ್ಷಣದಲ್ಲಿ ಅದರ ಮೂರರಿಂದ ಐದು ಪಟ್ಟು ಎಳೆಯುತ್ತದೆ. ಇನ್ವರ್ಟರ್ ಅದನ್ನು ತಡೆಯದಿದ್ದರೆ ಟ್ರಿಪ್ ಆಗುತ್ತದೆ. ಬಲ್ಬು, ಫ್ಯಾನು ಹಾಕಿ ತೋರಿಸಿದಾಗ ಎಲ್ಲ ಇನ್ವರ್ಟರುಗಳೂ ಚೆನ್ನಾಗಿಯೇ ನಡೆಯುತ್ತವೆ.

ಆದ್ದರಿಂದ 1 ಎಚ್.ಪಿ. ಯಂತ್ರಕ್ಕೆ 3 ಕಿಲೋವ್ಯಾಟಿಗಿಂತ ಕಡಿಮೆ ಇನ್ವರ್ಟರ್ ಬೇಡ. ಅದು ಕ್ಷಣಕಾಲ ಎಷ್ಟು ಹೊರೆ ತಡೆಯುತ್ತದೆ ಎಂಬ ಅಂಕಿಯನ್ನು ಬರಹದಲ್ಲಿ ಕೇಳಿ. ಅರ್ಧ ಎಚ್.ಪಿ. ಯಂತ್ರವಾದರೆ ಇನ್ನೂ ಚಿಕ್ಕದು ಸಾಕಾಗಬಹುದು. 2 ಎಚ್.ಪಿ. ಮೇವಿನ ಯಂತ್ರವನ್ನು ಮಾತ್ರ ಬ್ಯಾಕಪ್ ಲೈನಿಗೆ ಸೇರಿಸಲು ಬಿಡಬೇಡಿ. ಅದೊಂದಕ್ಕಾಗಿ ಇನ್ವರ್ಟರ್ ಗಾತ್ರ ಎರಡು ಪಟ್ಟಾಗುತ್ತದೆ.

ಹೈಬ್ರಿಡ್ ಇನ್ವರ್ಟರಿನಲ್ಲಿ ಬ್ಯಾಕಪ್ಪಿಗೆಂದು ಬೇರೆಯೇ ಔಟ್‌ಪುಟ್ ಇರುತ್ತದೆ. ಅದಕ್ಕೆ ಜೋಡಿಸಿದ ವೈರಿಂಗಿಗೆ ಮಾತ್ರ ಕತ್ತಲೆಯಲ್ಲಿ ಕರೆಂಟು ಬರುತ್ತದೆ. ಕೊಟ್ಟಿಗೆಯ ಬಲ್ಬು, ಕರೆಯುವ ಯಂತ್ರದ ಪ್ಲಗ್ಗು, ಮನೆಯ ಮುಖ್ಯ ಬಲ್ಬು, ಫ್ಯಾನು ಅದಕ್ಕೆ ಸೇರಿವೆಯೇ ಎಂದು ವೈರಿಂಗ್ ನಡೆಯುವಾಗಲೇ ನಿಂತು ನೋಡಿ. ಎಲೆಕ್ಟ್ರಿಷಿಯನ್ ಮನೆಗೆ ಮಾತ್ರ ಎಳೆದು ಕೊಟ್ಟಿಗೆಯನ್ನು ಬಿಟ್ಟುಹೋದರೆ ಆಮೇಲೆ ಗೋಡೆ ಒಡೆಸಬೇಕು.

ಒಂದು ಸೆಟ್ಟಿಂಗ್ ತಪ್ಪಿದರೆ ಬ್ಯಾಟರಿ ಇದ್ದೂ ಇಲ್ಲದ ಹಾಗೆ

ಅನೇಕ ಹೈಬ್ರಿಡ್ ಇನ್ವರ್ಟರುಗಳನ್ನು ಬಿಲ್ಲು ಉಳಿಸುವ ಕ್ರಮದಲ್ಲಿ ಇಟ್ಟುಹೋಗುತ್ತಾರೆ. ಆಗ ಸೂರ್ಯ ಮುಳುಗಿದ ಕೂಡಲೇ, ಲೈನಿನಲ್ಲಿ ಕರೆಂಟು ಇದ್ದರೂ, ಮನೆ ಬ್ಯಾಟರಿಯಿಂದ ನಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಬ್ಯಾಟರಿ ತಳ ಕಂಡಿರುತ್ತದೆ. ಬೆಳಗಿನ ಜಾವ ಐದಕ್ಕೆ ಕರೆಂಟು ಹೋದರೆ ಕರೆಯುವ ಯಂತ್ರಕ್ಕೆ ಏನೂ ಉಳಿದಿರುವುದಿಲ್ಲ.

ಶೂನ್ಯ ಬಿಲ್ಲಿನ ಮನೆಗೆ ಇಂಥ ಉಳಿತಾಯವೇ ಬೇಡ. ಕರೆಂಟು ಹೋದಾಗ ಮಾತ್ರ ಬ್ಯಾಟರಿ ಬಳಸುವಂತೆ ಬ್ಯಾಕಪ್ ಕ್ರಮದಲ್ಲಿ ಇಡಿಸಿ. ಬಿಲ್ಲು ಹೆಚ್ಚು ಬರುವ ಮನೆಯವರು ಅರ್ಧ ಬ್ಯಾಟರಿಯನ್ನಾದರೂ ಸದಾ ಮೀಸಲಾಗಿ ಉಳಿಸುವಂತೆ ಇಡಿಸಿ. ಈ ಸೆಟ್ಟಿಂಗನ್ನು ಮನೆಯ ಒಬ್ಬರಾದರೂ ನೋಡಿ ಕಲಿಯಬೇಕು. ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಪಕ್ಕದಲ್ಲಿ ನಿಲ್ಲಿಸಿಕೊಂಡು ನೀವೂ ಕಲಿಯಿರಿ. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಇರುವುದು ನೀವೇ ಅಲ್ಲವೇ?

ಪ್ಯಾನೆಲ್ ಎಲ್ಲಿ, ಬ್ಯಾಟರಿ ಎಲ್ಲಿ?

ನಮ್ಮ ರಾಜ್ಯದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ಲಿನಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೋರು ಮಳೆಯ ದಿನಗಳಲ್ಲಿ ಅರ್ಧಕ್ಕಿಂತಲೂ ಕೆಳಗೆ ಇಳಿಯಬಹುದು. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ತೆಂಗಿನ ಗರಿಯ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪತ್ತಿ ಕುಸಿಯುತ್ತದೆ. ಬೀಳುವ ತೆಂಗಿನಕಾಯಿಯ ಲೆಕ್ಕ ಬೇರೆ.

ಒಂದೊಂದು ಪ್ಯಾನೆಲ್ 25 ಕಿಲೋ ದಾಟುತ್ತದೆ. ಕೊಟ್ಟಿಗೆಯ ಶೀಟಿನ ಮೇಲೆ ಹಾಕಿಸುವುದಾದರೆ ಕಬ್ಬಿಣದ ಚೌಕಟ್ಟು ಆ ಭಾರವನ್ನೂ ಗಾಳಿಯ ಎಳೆತವನ್ನೂ ತಡೆಯುತ್ತದೆಯೇ ಎಂದು ತಿಳಿದವರಿಂದ ನೋಡಿಸಿ. ಮೇವು ಕತ್ತರಿಸುವ ಜಾಗದ ಹತ್ತಿರವಾದರೆ ಹೊಟ್ಟು, ಧೂಳು ಬೇಗ ಕೂರುತ್ತದೆ. ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮೊದಲು, ಬರೀ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ವರ್ಟರ್, ಬ್ಯಾಟರಿಗಳನ್ನು ಕೊಟ್ಟಿಗೆಯೊಳಗೆ ಇಡಬೇಡಿ. ಗಂಜಲ, ಸಗಣಿಯಿಂದ ಏಳುವ ಅಮೋನಿಯಾ ತಂತಿಯ ತುದಿಗಳನ್ನು ತಿನ್ನುತ್ತದೆ. ತೇವ, ಇಲಿಗಳ ಕಾಟ ಬೇರೆ. ಮನೆಯ ಗಾಳಿಯಾಡುವ ಪಡಸಾಲೆ, ಮಕ್ಕಳ ಕೈಗೆ ಸಿಗದ ಗೋಡೆ ಒಳ್ಳೆಯದು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಉರಿಯುವ ಅನಿಲ ಹೊರಬರುತ್ತದೆ. ಒಲೆ, ದೇವರ ದೀಪ, ಹುಲ್ಲಿನ ಬಣವೆಯಿಂದ ಅದು ದೂರವಿರಲಿ.

ಅರ್ಥಿಂಗ್ ವಿಷಯದಲ್ಲಿ ರಾಜಿ ಬೇಡ. ಒದ್ದೆ ನೆಲದ ಮೇಲೆ ನಾಲ್ಕು ಕಾಲಲ್ಲಿ ನಿಂತ ಹಸುವಿಗೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟೂ ತಾಗುತ್ತದೆ. ಯಂತ್ರ ಹಾಕಿದಾಗ ಹಸು ಕಾಲು ಎತ್ತಿ ಎತ್ತಿ ಇಡುವುದು, ನೀರಿನ ತೊಟ್ಟಿಗೆ ಬಾಯಿ ಹಾಕಲು ಹೆದರುವುದು ಇದ್ದರೆ ಕರೆಂಟು ಸೋರುತ್ತಿದೆಯೇ ಎಂದು ಕೂಡಲೇ ನೋಡಿಸಿ. ಕೊಟ್ಟಿಗೆಯ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕ್ಷಣವೇ ಅದು ಲೈನು ಕಡಿದು ಹಸುವಿನ ಜೀವವನ್ನೂ ನಿಮ್ಮ ಜೀವವನ್ನೂ ಕಾಯುತ್ತದೆ. ಪ್ಯಾನೆಲ್ಲಿಗೆ ಸಿಡಿಲು ತಡೆಯೂ ಇರಲಿ.

ಸಹಾಯಧನ ಎಷ್ಟು, ಯಾರ ಹೆಸರಿಗೆ?

ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಆರಂಭಿಸಿತು. ಎಸ್ಕಾಂ ಲೈನಿಗೆ ಜೋಡಿಸಿದ ಮನೆಯ ಚಾವಣಿ ಸೋಲಾರಿಗೆ ಇದರಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಲಾಗಿದೆ. ಎಷ್ಟೇ ದೊಡ್ಡದು ಹಾಕಿಸಿದರೂ 78,000ಕ್ಕಿಂತ ಹೆಚ್ಚು ಇಲ್ಲ. ಲೈನಿಗೆ ಜೋಡಿಸಿದ ಹೈಬ್ರಿಡ್ಡಿಗೂ ಇದು ಸಿಗುತ್ತದೆ. ಆದರೆ ಬ್ಯಾಟರಿಗೆ ಸಹಾಯಧನವಿಲ್ಲ, ಅದರ ಬೆಲೆ ಪೂರ್ತಿ ನಮ್ಮದೇ. ಲೈನಿಗೆ ಜೋಡಿಸದ ಆಫ್-ಗ್ರಿಡ್ಡಿಗೆ ಈ ಯೋಜನೆಯ ಸಹಾಯಧನ ಇಲ್ಲ.

ಸರ್ಕಾರ ಈ ಯೋಜನೆಗೆ ಹಿಡಿದ ಲೆಕ್ಕ ಮೊದಲ 2 ಕಿಲೋವ್ಯಾಟಿಗೆ ತಲಾ 50,000, ಮೂರನೆಯದಕ್ಕೆ 45,000 ರೂಪಾಯಿ. ಅಂದರೆ 3 ಕಿಲೋವ್ಯಾಟ್ ಆನ್-ಗ್ರಿಡ್ಡಿಗೆ 1,45,000. ಹೈಬ್ರಿಡ್ ಇನ್ವರ್ಟರಿನ ಹೆಚ್ಚುವರಿ ಬೆಲೆ, ಬ್ಯಾಟರಿಯ ಬೆಲೆ ಇದರ ಮೇಲೆ. ಏಜೆಂಟರು ಕೊಟ್ಟ ಕೊಟೇಶನ್ನಿನಲ್ಲಿ ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ, ಚೌಕಟ್ಟು, ವೈರಿಂಗ್ ಎಲ್ಲದರ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಸಿ, ಈ ಅಂಕಿಯ ಪಕ್ಕ ಇಟ್ಟು ನೋಡಿ.

ಇಲ್ಲಿ ನಮ್ಮ ಸದಸ್ಯೆಯರು ಎಡವುವುದು ಹೆಸರಿನ ವಿಷಯದಲ್ಲಿ. ಅರ್ಜಿ ಹಾಕುವುದು ಬಿಲ್ಲಿನ ಆರ್.ಆರ್. ನಂಬರಿನ ಮೇಲೆ. ಎಷ್ಟೋ ಮನೆಗಳ ಮೀಟರು ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇರುತ್ತದೆ. ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಬೇರೆ ಬೇರೆಯಾದರೆ ಸಹಾಯಧನ ಸಿಕ್ಕಿಕೊಳ್ಳುತ್ತದೆ. ಸೋಲಾರ್ ವಿಚಾರಿಸುವ ಮೊದಲೇ ಎಸ್ಕಾಂ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಕೊಡಿ. ಮನೆಯವರೊಂದಿಗೆ ಕೂತು ಮಾತಾಡಿ, ಸಾಧ್ಯವಾದರೆ ನಿಮ್ಮ ಹೆಸರಿಗೇ ಮಾಡಿಸಿ. ಹಾಲಿನ ಬಟವಾಡೆ ನಿಮ್ಮ ಖಾತೆಗೆ ಬರುತ್ತಿದ್ದರೆ, ಸಾಲದ ಕಂತು ಅದರಿಂದಲೇ ಹೋಗುವುದಿದ್ದರೆ, ಮೀಟರೂ ನಿಮ್ಮ ಹೆಸರಿನಲ್ಲಿ ಇರುವುದು ನ್ಯಾಯವೇ.

ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲೇ ಹಾಕಬೇಕು. ಅಲ್ಲಿ ನೋಂದಾಯಿಸಿದ ಮಾರಾಟಗಾರರಿಂದಲೇ ಹಾಕಿಸಬೇಕು. ಪ್ಯಾನೆಲ್ ದೇಶದಲ್ಲೇ ತಯಾರಾದ ಡಿಸಿಆರ್ ಬಗೆಯದಾಗಿರಬೇಕು. ಕೆಲಸ ಮುಗಿದು, ಎಸ್ಕಾಂ ಪರಿಶೀಲಿಸಿ, ಹೋಗುವ ಬರುವ ಯೂನಿಟ್ ಎರಡನ್ನೂ ಎಣಿಸುವ ಮೀಟರು ಕೂರಿಸಿದ ಮೇಲೆ ಸಹಾಯಧನ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲೇ ಕೊಡಿಸುತ್ತೇವೆಂದು ಫೋನಿನಲ್ಲಿ ಒಟಿಪಿ ಕೇಳಿದವರಿಗೆ ಹೇಳಬೇಡಿ. 3 ಕಿಲೋವ್ಯಾಟ್‌ವರೆಗೆ 2 ಲಕ್ಷ ರೂಪಾಯಿ ತನಕ ಆಸ್ತಿ ಅಡಮಾನವಿಲ್ಲದೆ ಸಾಲ ಕೊಡುವ ವ್ಯವಸ್ಥೆ ಸರ್ಕಾರಿ ಬ್ಯಾಂಕುಗಳಲ್ಲಿದೆ. ಕಂತು ಒಪ್ಪುವ ಮೊದಲು ಹಸು ಬತ್ತಿಸಿದ ಎರಡು ತಿಂಗಳಲ್ಲೂ ಅದನ್ನು ಕಟ್ಟಬಲ್ಲಿರಾ ಎಂದು ಲೆಕ್ಕ ಹಾಕಿ. ಹಾಲು ಹೆಚ್ಚಿರುವ ತಿಂಗಳ ಬಟವಾಡೆ ನೋಡಿ ಸಹಿ ಹಾಕಬೇಡಿ.

ಯಾರಿಗೆ ಯಾವುದು?

ಒಂದೆರಡು ಹಸು, ಕೈಯಲ್ಲೇ ಕರೆಯುತ್ತೀರಿ, ಬಿಲ್ಲು ಶೂನ್ಯ: ಹೈಬ್ರಿಡ್ ಬೇಡ. ಕೊಟ್ಟಿಗೆಗೊಂದು ಒಳ್ಳೆಯ ಸೋಲಾರ್ ದೀಪ ಅಥವಾ ಸಾಮಾನ್ಯ ಇನ್ವರ್ಟರ್, ಒಂದು ಬ್ಯಾಟರಿ ಸಾಕು. ಉಳಿದ ದುಡ್ಡು ರಬ್ಬರ್ ಮ್ಯಾಟಿಗೋ ಹಸುವಿನ ವಿಮೆಗೋ ಆಗಲಿ.

ಮೂರರಿಂದ ಆರು ಹಸು, ಯಂತ್ರ ಇದೆ, ಬಿಲ್ಲು ಶೂನ್ಯ, ಕರೆಂಟು ಹೋದರೂ ಎರಡು ಗಂಟೆಯಲ್ಲಿ ಬರುತ್ತದೆ: ಮೋಟಾರು ತಡೆಯುವ ಇನ್ವರ್ಟರ್ ಮತ್ತು ಬ್ಯಾಟರಿ ಮೊದಲು ಹಾಕಿಸಿ, ಲೈನಿನಿಂದಲೇ ಚಾರ್ಜ್ ಮಾಡಿ. ಮುಂದೆ ಪ್ಯಾನೆಲ್ ಸೇರಿಸಬಹುದಾದ ಹೈಬ್ರಿಡ್ ಇನ್ವರ್ಟರನ್ನೇ ಕೊಂಡರೆ ಜಾಣತನ.

ಕರೆಂಟು ಗಂಟೆಗಟ್ಟಲೆ ಇಲ್ಲದ ತೋಟದ ಮನೆ, ಅಥವಾ ತಿಂಗಳೂ 200 ಯೂನಿಟ್ ದಾಟುವ ಮನೆ: ಇಲ್ಲಿ ಪ್ಯಾನೆಲ್, ಬ್ಯಾಟರಿ ಎರಡೂ ಇರುವ ಹೈಬ್ರಿಡ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಕೊನೆಯ ಕಂತು ಕೊಡುವ ಮೊದಲು

- ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ ಮೂರಕ್ಕೂ ಬೇರೆ ಬೇರೆ ವಾರಂಟಿ ಕಾರ್ಡು, ಜಿಎಸ್‌ಟಿ ಬಿಲ್ಲು ಇಸಿದುಕೊಳ್ಳಿ. ಪ್ಯಾನೆಲ್ಲಿನ 25 ವರ್ಷದ ವಾರಂಟಿ ಬ್ಯಾಟರಿಗೆ ಅನ್ವಯಿಸುವುದಿಲ್ಲ.
- ಐದು ವರ್ಷದ ನಿರ್ವಹಣೆ ಮಾರಾಟಗಾರರ ಹೊಣೆ. ಅದು ಒಪ್ಪಂದದಲ್ಲಿ ಬರೆದಿದೆಯೇ ನೋಡಿ.
- ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ ಬರುತ್ತಾರೆ, ತಾಲ್ಲೂಕಿನಲ್ಲಿ ಅವರ ಮೆಕ್ಯಾನಿಕ್ ಇದ್ದಾರೆಯೇ ಕೇಳಿ.
- ಹತ್ತಿರದಲ್ಲಿ ಅವರು ಹಾಕಿದ ಎರಡು ಮನೆ ತೋರಿಸಲು ಹೇಳಿ. ಹೋದಾಗ ಆ ಮನೆಯ ಹೆಣ್ಣುಮಕ್ಕಳನ್ನೇ ಕೇಳಿ.
- ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಸಂಜೆ ಕರೆಯುವ ಹೊತ್ತಿಗೆ ಹಾಕಿದವರನ್ನು ಕರೆಸಿ. ಅವರಿಂದಲೇ ಮೈನ್ ಸ್ವಿಚ್ ಆರಿಸಿ. ಬಲ್ಬು, ಫ್ಯಾನು ಉರಿಯುತ್ತಿರುವಾಗಲೇ ನಿಮ್ಮ ಯಂತ್ರ ಹಚ್ಚಿ, ಎಲ್ಲ ಹಸುಗಳನ್ನೂ ಕರೆದು ಮುಗಿಸಿ. ಯಂತ್ರ ನಿಲ್ಲಲಿಲ್ಲವೆಂದರೆ ದುಡ್ಡು ಕೊಡಿ.

ಸದ್ಯಕ್ಕೆ ಯಾರಿಗೂ ಮುಂಗಡ ಕೊಡಬೇಡಿ. ಹಾಲಿನ ಪಾಸ್‌ಬುಕ್ಕಿನ ಪಕ್ಕ ಒಂದು ಸಣ್ಣ ನೋಟ್‌ಬುಕ್ ಇಡಿ. ಹದಿನೈದು ದಿನ, ಕರೆಂಟು ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ಬಂತು, ಆಗ ಯಾವ ಕೆಲಸ ನಿಂತಿತು ಎಂದು ಬರೆಯಿರಿ. ಎಷ್ಟು ಲೀಟರ್ ಹಾಲು ತಡವಾಯಿತು, ವಾಪಸಾಯಿತು ಎಂಬುದನ್ನೂ ಬರೆದು ನಿಮ್ಮ ಸಂಘದ ದರದಲ್ಲಿ ಲೆಕ್ಕ ಕಟ್ಟಿ. ಆ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಮಾತಿಗೆ ಕೂತರೆ, ನಿಮ್ಮ ಮನೆಗೆ ಎಷ್ಟು ದೊಡ್ಡದು ಬೇಕೆಂದು ಏಜೆಂಟರು ನಿಮಗೆ ಹೇಳಬೇಕಾಗಿಲ್ಲ, ನೀವೇ ಅವರಿಗೆ ಹೇಳುತ್ತೀರಿ.